ಕಾಲು ತಾಸಿನ ಪರದೇಶ

ನಮ್ಮ ಪತ್ರಿಕೆಯಲ್ಲಿ ನಿಧನ ವಾರ್ತೆಗೆ ಒಂದು ಅಚ್ಚು ಇದೆ. ಮೊದಲು ಊರಿನ ಹೆಸರು, ಆಮೇಲೆ ‘ಇಲ್ಲಿನ ನಿವಾಸಿ’, ಆಮೇಲೆ ಹೆಸರು, ವಯಸ್ಸು, ಯಾರನ್ನು ಅಗಲಿದ್ದಾರೆ, ಅಂತ್ಯಕ್ರಿಯೆ ಎಲ್ಲಿ. ಗೋಕಾಕದ ಕಚೇರಿಯಲ್ಲಿ ಕೂತು ಇಂಥವನ್ನು ಬರೆದು ಬರೆದು ನನಗೆ ಯೋಚಿಸುವ ಅಗತ್ಯವೇ ಉಳಿದಿಲ್ಲ. ಈಚೆಗೆ ಒಮ್ಮೆ ಮಾತ್ರ ಮೊದಲ ಪದಕ್ಕೇ ಕೈ ನಿಂತಿತು. ತೀರಿಕೊಂಡವರು ನನ್ನ ಹಳೆಯ ಸಹೋದ್ಯೋಗಿ. ಅವರು ಯಾವ ಊರಿನ ನಿವಾಸಿ ಎಂದು ಬರೆಯುವುದು? ಆ ಒಂದು ಪದಕ್ಕಾಗಿ ಅವರು ತಮ್ಮ ಕೊನೆಯ ವರ್ಷಗಳಲ್ಲಿ ಇಡೀ ಗೋಕಾಕದ ಜೊತೆ ವಾದ ಹೂಡಿದ್ದರು. ವಾದ ಇತ್ಯರ್ಥವಾಗಿರಲಿಲ್ಲ.

ಅವರ ಹೆಸರನ್ನು ಇಲ್ಲಿ ಹಾಕುವುದಿಲ್ಲ. ಅವರು ನೋಡಿಕೊಳ್ಳುತ್ತಿದ್ದದ್ದು ಮೂರನೇ ಪುಟದ ವಿದೇಶ ಸುದ್ದಿಯ ಅಂಕಣ. ಅದಕ್ಕೆ ಎಂದೂ ಬರೆದವರ ಹೆಸರು ಇರುತ್ತಿರಲಿಲ್ಲ. ಕಚೇರಿಯಲ್ಲಿ ಅವರನ್ನು ‘ಫಾರೆನ್ ಸಾಹೇಬ್ರು’ ಎನ್ನುತ್ತಿದ್ದೆವು. ಹುಟ್ಟಿದ್ದು ಮಸಗುಪ್ಪಿ. ನಿವೃತ್ತಿಯವರೆಗೆ ಕಂಡ ಅತಿ ದೂರದ ಊರು ಕೊಲ್ಹಾಪುರ.

ನಾಲ್ಕು ಪುಟದ ಪತ್ರಿಕೆಯಲ್ಲಿ ವಿದೇಶಕ್ಕೆ ಸಿಗುತ್ತಿದ್ದದ್ದು ಎರಡು ಕಾಲಮ್ಮು. ಅದೂ ಖಾತ್ರಿಯಿಲ್ಲ. ಸಂಜೆ ಯಾವುದಾದರೂ ಸಹಕಾರಿ ಸಂಘದ ಅಧ್ಯಕ್ಷರ ಹುಟ್ಟುಹಬ್ಬದ ಜಾಹೀರಾತು ಬಂದರೆ ಮೊದಲು ತೆಗೆಯುವುದು ವಿದೇಶವನ್ನೇ. ಆಗ ಅವರು ಬೆರಳ ತುದಿಯ ನೀರು ಝಾಡಿಸಿದಂತೆ ಕೈ ಝಾಡಿಸಿ, “ಇವತ್ತ ಬ್ರೆಜಿಲ್ ಹೋತು” ಅನ್ನುತ್ತಿದ್ದರು. ಸಿಟ್ಟಿರುತ್ತಿರಲಿಲ್ಲ. ಎದುರಿನ ಚಹಾದಂಗಡಿಗೆ ಹೋಗಿ, ಅಚ್ಚಾಗದ ಬ್ರೆಜಿಲ್ಲನ್ನು ಅಂಗಡಿಯವನಿಗೆ ಬಾಯಲ್ಲೇ ಹೇಳಿ ಬರುತ್ತಿದ್ದರು. ಗೋಕಾಕದಲ್ಲಿ ಜಗತ್ತಿನ ವಿದ್ಯಮಾನ ಅತಿ ಹೆಚ್ಚು ತಿಳಿದಿದ್ದ ಚಹಾದಂಗಡಿಯವ ಅವನೇ ಇರಬೇಕು.

ಅಚ್ಚಾದ ದಿನವೂ ಅವರ ಸುದ್ದಿಗೆ ಒಂದು ಕಾಯಿಲೆ ಇರುತ್ತಿತ್ತು. ಯಾವುದೋ ಸಾಗರದ ದ್ವೀಪ ‘ನಮ್ಮ ಮೂಡಲಗಿ ತಾಲೂಕಿನಷ್ಟು’ ಇರುತ್ತಿತ್ತು. ಜ್ವಾಲಾಮುಖಿಯ ಹೊಗೆ ‘ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಚಿಮಣಿಯಿಂದ ಬರುವಂಥದ್ದು’. ಯುರೋಪಿನ ಒಂದು ಪ್ರವಾಹವನ್ನು ಮಸಗುಪ್ಪಿಯ ಹೊಳೆದಂಡೆಗೆ ಹೋಲಿಸಿ, ಎರಡರಲ್ಲಿ ಮಸಗುಪ್ಪಿಯದೇ ದೊಡ್ಡದು ಎಂದು ಬರೆದಿದ್ದರು. ಸಂಪಾದಕರು ಅದನ್ನು ಹೊಡೆದುಹಾಕಿದರು. “ಹೊಳಿ ನಾ ನೋಡೇನ್ರಿ, ನೀವ್ ನೋಡಿಲ್ಲ” ಎಂದು ಇವರು ವಾದಿಸಿದರು. ಯಾವ ಹೊಳೆ ಎಂದು ಸಂಪಾದಕರು ಕೇಳಲಿಲ್ಲ.

ಪತ್ರಿಕೆಯಲ್ಲಿ ಅವರು ಕಡೆಯವರೆಗೂ ಹಂಗಾಮಿ ನೌಕರ. ಕಾಯಂ ಮಾಡುತ್ತೇವೆ ಎಂದು ಹಳೆಯ ಮಾಲೀಕರು ಹೇಳಿದ್ದರು, ಹೊಸ ಮಾಲೀಕರೂ ಹೇಳಿದರು. ನಿವೃತ್ತಿಯ ದಿನ ಶಾಲು ಹೊದಿಸಿ, ಮುಂದೇನು ಎಂದು ನಾವು ಕೇಳಿದಾಗ ಅವರು ಹೇಳಿದ್ದು ಇಷ್ಟು: “ಎಲ್ಲ್ಯರ ಒಂದ ಕಡೆ ಕಾಯಂ ಆಗಬೇಕಲ್ರಿ. ಪರದೇಶದಾಗ ಆಗ್ತೇನಿ.”

ನಾವು ನಕ್ಕೆವು. ಅವರು ನಗಲಿಲ್ಲ.

ಹಣದ ಬಲ ಅವರ ಹೆಂಡತಿಯದು. ಕನ್ನಡ ಸಾಲಿಯ ಶಿಕ್ಷಕಿಯಾಗಿ ಕುಲಗೋಡ, ಹುಕ್ಕೇರಿ ಸುತ್ತಿ ಕಲ್ಲೋಳಿಯಲ್ಲಿ ನಿವೃತ್ತರಾದವರು, ಎಲ್ಲರಿಗೂ ‘ಬಾಯಾರು’. ಬಾಯಾರ ಪಿಂಚಣಿ, ಇವರ ಆಸೆ, ಎರಡನ್ನೂ ಕೂಡಿಸಿದರೆ ಯಾವ ದೇಶದ ಬಾಗಿಲು ತೆರೆಯುತ್ತದೆ ಎಂಬುದು ಪ್ರಶ್ನೆ. ಕಡಿಮೆ ಖರ್ಚಿನಲ್ಲಿ ಬದುಕಬಹುದಾದ ದೇಶಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿ ಅವರು ಒಂದೊಂದನ್ನೇ ಬಾಯಾರ ಮುಂದೆ ಇಟ್ಟರು. ಒಂದು ದೇಶ ಬ್ಯಾಂಕಿನಲ್ಲಿ ಭಾರಿ ಠೇವಣಿ ಕೇಳುತ್ತಿತ್ತು. ಇನ್ನೊಂದರಲ್ಲಿ ಆಗಾಗ ಗಡಿ ದಾಟಿ ಮತ್ತೆ ಒಳಗೆ ಬರಬೇಕಿತ್ತು. ಇದು ಹುಕ್ಕೇರಿ ಬಸ್ಸಿನ ಪಾಸಿಗಿಂತ ಕಷ್ಟ ಎಂದು ಬಾಯಾರು ತಳ್ಳಿಹಾಕಿದರು. ಉಳಿದವಕ್ಕೆ ಬಾಯಾರ ಪ್ರಶ್ನೆ ಒಂದೇ: ರೊಟ್ಟಿಗೆ ಹಿಟ್ಟು ಒಯ್ಯಲು ಬರುತ್ತದೋ ಇಲ್ಲವೋ. ವಿಮಾನದ ದೇಶಗಳೆಲ್ಲ ಅಲ್ಲಿಗೇ ಬಿದ್ದವು. ಕೊನೆಗೆ ಉಳಿದದ್ದು ನೇಪಾಳ. ವೀಸಾ ಬೇಡ, ರೈಲು-ಬಸ್ಸಿನಲ್ಲಿ ಹೋಗಬಹುದು, ಪೋಖರಾ ಎಂಬ ಊರಲ್ಲಿ ಕೆರೆ ಇದೆ, ಕೆರೆಯಿಂದ ತುಸು ದೂರ ಸರಿದರೆ ಬಾಡಿಗೆಯೂ ಗೋಕಾಕದಷ್ಟೇ.

ಬಾಯಾರು ಒಪ್ಪಿದ್ದು ಹೇಗೆ ಎಂದು ನಾನು ಅವರನ್ನೇ ಕೇಳಿದ್ದೆ. ರೊಟ್ಟಿ ತಟ್ಟುತ್ತಲೇ ಅಂದರು: “ನಂಗ ಸಾಲಿ ವರ್ಗ ಆದಲ್ಲೆಲ್ಲಾ ಇವರು ಗಂಟು ಹೊತ್ಕೊಂಡು ಬಂದಾರ ತಮ್ಮಾ. ದಿನಾ ಬಸ್ಸಿಗೆ ಗೋಕಾಕಕ್ಕ ಓಡ್ಯಾಡ್ಯಾರ. ಒಂದ ದಿನಾ ಯಾಕ ಅಂದಿಲ್ಲ. ಈಗ ಇವರದು ವರ್ಗ ಆಗೈತಿ ಅಂತ ತಿಳ್ಕೊಂಡೇನಿ.”

ತೊಡಕು ಶುರುವಾದದ್ದು ಸುದ್ದಿ ಹರಡಿದ ಮೇಲೆ. ನಮ್ಮ ಕಡೆಯವರು ನೇಪಾಳಕ್ಕೆ ಹೋಗುವುದು ಒಂದೇ ಕಾರಣಕ್ಕೆ: ಪಶುಪತಿನಾಥನ ಯಾತ್ರೆ. ಯಾತ್ರೆ ಎಂದರೆ ಹೋಗಿ ಬರುವುದು. ಚಹಾದಂಗಡಿಯವನಿಗೆ ಇವರು ಎಷ್ಟು ಬಿಡಿಸಿ ಹೇಳಿದರೂ ಅವನು ಒಪ್ಪಲಿಲ್ಲ. ಪಾಸ್‌ಪೋರ್ಟ್ ಬೇಡ, ವೀಸಾ ಬೇಡ, ನಮ್ಮ ರೂಪಾಯಿಯೂ ನಡೆಯುತ್ತದೆ ಅಂದಮೇಲೆ ಅದೆಂಥ ಪರದೇಶ ಎಂಬುದು ಅವನ ತಕರಾರು. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಹದಿನೈದು ನಿಮಿಷ ಮುಂದಿದೆ ಎಂದು ಇವರು ಕೊನೆಯ ಸಾಕ್ಷಿಯಾಗಿ ಹೇಳಿದರು. ಅವನು ಒಂದು ಗಳಿಗೆ ಯೋಚಿಸಿದ.

“ಹಂಗಾರ ಕಾಲು ತಾಸಿನ ಪರದೇಶ ಅನ್ರಿ.”

ಆ ಮಾತು ಊರಲ್ಲೆಲ್ಲ ನಡೆಯಿತು. ಇವರಿಗೆ ಅದು ನಾಟಿತ್ತು ಎಂದು ಕಾಣುತ್ತದೆ. ಬೇಡದ ಪಾಸ್‌ಪೋರ್ಟನ್ನು ಹಟ ಹಿಡಿದು ಮಾಡಿಸಿದರು. ವಿಚಾರಣೆಗೆ ಪೊಲೀಸರು ಬಂದಾಗ ಇವರು ಮನೆಯಲ್ಲಿರಲಿಲ್ಲ. ಪೊಲೀಸರು ಚಹಾದಂಗಡಿಯಲ್ಲಿ ವಿಚಾರಿಸಿದರು. ಸಜ್ಜನರು, ಯಾತ್ರೆಗೆ ಹೊರಟಿದ್ದಾರೆ ಎಂದು ಅವನು ಹೇಳಿ ಕಳಿಸಿದ.

ಘಟಪ್ರಭಾ ಸ್ಟೇಷನ್ನಿನಲ್ಲಿ ಬೀಳ್ಕೊಡಲು ನಾನೂ ಹೋಗಿದ್ದೆ. ಮಸಗುಪ್ಪಿಯಿಂದ ಟಂಟಂ ಗಾಡಿ ಮಾಡಿಕೊಂಡು ಸಂಬಂಧಿಕರು ಬಂದಿದ್ದರು. ಕುಲಗೋಡದಿಂದ, ಬಾಯಾರ ಹಳೆಯ ವಿದ್ಯಾರ್ಥಿಯಾದ ಒಬ್ಬ ಕುರಿಗಾರ ಕರಿ ಕಂಬಳಿ ತಂದಿದ್ದ. ಉಳಿದವರೆಲ್ಲ ತಂದದ್ದು ತೆಂಗಿನಕಾಯಿ. ಯಾತ್ರೆಗೆ ಹೊರಟವರ ಕೈಯಲ್ಲಿ ದೇವರಿಗೆ ತಮ್ಮ ಹೆಸರಿನದೊಂದು ಕಾಯಿ ಕೊಟ್ಟು, ಕಾಲು ಮುಟ್ಟಿ ನಮಸ್ಕರಿಸುವುದು ನಮ್ಮಲ್ಲಿ ರೂಢಿ. ಚಹಾದಂಗಡಿಯವ ತನ್ನ ತಾಯಿಯ ಮೊಣಕಾಲ ಸಲುವಾಗಿ ದೊಡ್ಡದನ್ನೇ ಆರಿಸಿ ತಂದಿದ್ದ. ಸಾಹೇಬ್ರು ಬಸವಣ್ಣನವರ ದಾರಿಯ ಮನೆತನದವರು, ಕೊರಳಲ್ಲಿ ಇಷ್ಟಲಿಂಗ. ಗುಡಿಯ ಮೆಟ್ಟಿಲು ಹತ್ತಿದ್ದನ್ನು ನಾನಂತೂ ಕಂಡಿಲ್ಲ. ಮೊದಲ ಎರಡು ಕಾಯಿಗೆ “ನಾವು ಇರಾಕ ಹೊಂಟೇವ್ರೀ, ಯಾತ್ರಾಕ್ಕಲ್ಲ” ಎಂದರು. ಮೂರನೆಯದನ್ನು ತೆಗೆದುಕೊಂಡು ಗೋಣಿಚೀಲಕ್ಕೆ ಹಾಕಿದರು. ರೈಲು ಬರುವ ಹೊತ್ತಿಗೆ ಗೋಣಿಚೀಲ ತುಂಬಿತ್ತು. ಕಾಯಂ ಆಗಿ ದೇಶ ಬಿಟ್ಟು ಹೊರಟ ಮನುಷ್ಯನ ಸಾಮಾನೆಂದರೆ ಒಂದು ಟ್ರಂಕು, ಒಂದು ಚೀಲ ಜೋಳದ ಹಿಟ್ಟು, ಒಂದು ಕಂಬಳಿ, ಮತ್ತು ಬೇರೆಯವರ ತೆಂಗಿನಕಾಯಿ.

ಅವರ ಒಬ್ಬಳೇ ಮಗಳು ಹುಕ್ಕೇರಿಗೆ ಕೊಟ್ಟವಳು. ಪ್ಲಾಟ್‌ಫಾರ್ಮಿನ ಕಂಬಕ್ಕೆ ಒರಗಿ ನಿಂತಿದ್ದಳು. ಅವಳು ಕಾಯಿ ತಂದಿರಲಿಲ್ಲ, ಅಳಲೂ ಇಲ್ಲ. ಯಾರೋ ಅವಳಿಗೆ, ಅಪ್ಪ-ಅವ್ವ ತಿಂಗಳೊಪ್ಪತ್ತಿನಲ್ಲಿ ತಿರುಗಿ ಬರುತ್ತಾರೆ ಬಿಡು ಎಂದರು. ಅವಳು ಹೌದೆಂದು ತಲೆ ಆಡಿಸಿದಳು. ಅದನ್ನು ತಂದೆ ನೋಡಿದರು.

ಗಡಿಯಲ್ಲಿ ನಡೆದದ್ದನ್ನು ಬಾಯಾರು ಫೋನಿನಲ್ಲಿ ನಗುತ್ತ ಹೇಳಿದರು. ಪಾಸ್‌ಪೋರ್ಟ್ ತೆರೆದು ಹಿಡಿದು, ಶಿಕ್ಕಾ ಹೊಡೆಯಿರಿ ಎಂದು ಇವರು ಅಧಿಕಾರಿಯ ಮುಂದೆ ನಿಂತರಂತೆ. ಭಾರತದವರಿಗೆ ಬೇಕಿಲ್ಲ, ಮುಂದೆ ನಡೆಯಿರಿ ಎಂದು ಆತ. ಬೇಕಿಲ್ಲದಿದ್ದರೂ ಹೊಡೆಯಿರಿ ಎಂದು ಇವರು. ಹಿಂದಿನ ಸಾಲು ಗೊಣಗತೊಡಗಿದಾಗ ಬಾಯಾರೇ ಕೈ ಹಿಡಿದು ಎಳೆದುಕೊಂಡು ಹೋದರು. ಆಮೇಲೆ ನೇರ ಪೋಖರಾಕ್ಕೆ ಹೋಗುವುದು ಬಿಟ್ಟು, ಕಾಯಿಗಳ ಸಲುವಾಗಿ ಕಠ್ಮಂಡುವಿಗೆ ಸುತ್ತು ಹಾಕಬೇಕಾಯಿತು. ಯಾವ ಕಾಯಿ ಯಾರದೆಂದು ಅಷ್ಟರಲ್ಲಿ ಕಲಸಿಹೋಗಿತ್ತು. ಬಾಯಾರು ಗೋಕಾಕದ ಎಲ್ಲರ ಹೆಸರಲ್ಲೂ ಒಟ್ಟಿಗೆ ಒಪ್ಪಿಸಿ ಬಂದರು. ಇವರು ಹೊರಗೆ ಚಪ್ಪಲಿ ಕಾಯ್ದರು.

ಕೆಲವು ವಾರದ ಮೇಲೆ ನಮ್ಮ ಕಚೇರಿಗೆ ಪಾರ್ಸಲ್ ಬಂತು: ರುದ್ರಾಕ್ಷಿ, ಕುಂಕುಮ, ಸಕ್ಕರೆಯ ಪ್ರಸಾದ. ಇದರಿಂದ ತಾವು ಋಣಮುಕ್ತರಾದೆವು, ಇನ್ನು ಯಾರೂ ಕಾಯುವುದು ಬೇಡ ಎಂದು ಅವರ ಲೆಕ್ಕ. ಪ್ರಸಾದಕ್ಕೆ ಬಂದವರಿಗೆ ನಾನು ಅದನ್ನೇ ಹೇಳುತ್ತ ಹಂಚಿದೆ. ಆದರೆ ಊರಿನ ಲೆಕ್ಕ ಬೇರೆ. ಪ್ರಸಾದ ಬಂತು ಎಂದರೆ ಯಾತ್ರೆ ಮುಗಿಯಿತು. ಇನ್ನೇನು ಯಾತ್ರಿಕರೂ ಬಂದೇ ಬಿಡುತ್ತಾರೆ. ಚಹಾದಂಗಡಿಯವ ಪ್ರಸಾದ ಕಣ್ಣಿಗೊತ್ತಿಕೊಂಡು, ತಾಯಿಯ ಮೊಣಕಾಲು ಆಗಲೇ ಹಗುರಾಗಿದೆ ಎಂದು ವರದಿ ಕೊಟ್ಟು, ಸಾಹೇಬರು ಯಾವ ರೈಲಿಗೆ ಇಳಿಯುತ್ತಾರೆ ಎಂದು ಕೇಳಿದ.

ಅಲ್ಲಿಂದ ಮುಂದೆ ಅವರು ನಮ್ಮ ಕಡೆ ಅಲ್ಲಲ್ಲಿ ಕಾಣಿಸಿಕೊಳ್ಳತೊಡಗಿದರು. ಕಲ್ಲೋಳಿಯ ಬಸ್ ಸ್ಟ್ಯಾಂಡಿನಲ್ಲಿ ಕಂಡೆ ಎಂದು ಒಬ್ಬರು. ಮೂಡಲಗಿ ಸಂತೆಯಲ್ಲಿ ಮೆಣಸಿನಕಾಯಿ ಕೊಳ್ಳುತ್ತಿದ್ದರು, ಮಾತಾಡಿಸಿದರೂ ತಿರುಗಿ ನೋಡಲಿಲ್ಲ ಎಂದು ಇನ್ನೊಬ್ಬರು. ಸುದ್ದಿಯನ್ನು ಎರಡು ಕಡೆಯಿಂದ ಖಚಿತ ಮಾಡಿಕೊಳ್ಳುವುದು ನನ್ನ ಅಭ್ಯಾಸ. ಪೋಖರಾಕ್ಕೆ ಫೋನ್ ಮಾಡಿ ವಿಷಯ ಹೇಳಿದೆ. ಸಾಹೇಬ್ರು ಕೇಳಿದ್ದು ಒಂದೇ ಮಾತು.

“ಮೆಣಸಿನಕಾಯಿ ನಾ ಏನ್ ರೇಟಿಗೆ ತಗೊಂಡ್ನಂತ?”

ಅಲ್ಲಿ ಅವರದು ಎರಡು ಕೋಣೆಯ ಬಾಡಿಗೆ ಮನೆ. ಮಾಲೀಕರು ಗಿರಿ ಎಂಬ ಮನೆತನದವರು, ಕೆಳಗಿನ ಅಂತಸ್ತಿನಲ್ಲಿ ವಾಸ. ಒಯ್ದ ಜೋಳದ ಹಿಟ್ಟು ಮುಗಿದ ಮೇಲೆ ಬಾಯಾರು ಅಲ್ಲಿಯ ಗೋವಿನಜೋಳದ ಹಿಟ್ಟಿನಲ್ಲೇ ರೊಟ್ಟಿ ತಟ್ಟಲು ಕಲಿತರು. ಅದನ್ನು ಗಿರಿಯವರ ಸೊಸೆಗೂ ಕಲಿಸಿದರು. ಪರದೇಶದವರಿಗೆ ಅಲ್ಲಿ ಭೂಮಿ ಕೊಳ್ಳಲು ಬರುವುದಿಲ್ಲ. ಅದೊಂದು ಕೊರಗು ಇವರಿಗೆ ಇತ್ತು. ಬಾಡಿಗೆಯವ ಎಂದರೆ ಮತ್ತೆ ಹಂಗಾಮಿ ಎಂಬ ಅರ್ಥವಲ್ಲವೇ ಎಂದು ನನ್ನನ್ನು ಕೇಳುತ್ತಿದ್ದರು.

ಊರು ಬಿಟ್ಟ ಮನುಷ್ಯ ಊರಿನ ಪರ ವಕೀಲಿಗೆ ನಿಂತದ್ದು ಮಾತ್ರ ನನಗೆ ಸೋಜಿಗ. ಪೋಖರಾದಲ್ಲಿ ಟಿಕೆಟ್ ಕೊಟ್ಟು ನೋಡುವ ಒಂದು ಜಲಪಾತವಿದೆಯಂತೆ. ಗಿರಿಯವರು ಅಭಿಮಾನದಿಂದ ಕರೆದೊಯ್ದು ತೋರಿಸಿದರೆ ಇವರು, ಗೋಕಾಕದ್ದು ಇದಕ್ಕಿಂತ ಅಗಲ, ಮತ್ತೆ ಪುಕ್ಕಟೆ ಎಂದು ಬಂದರು. ನಿಜವಾದ ಯಾತ್ರಿಕರು ನಮ್ಮಲ್ಲಿಂದ ಹೊರಟಾಗಲೆಲ್ಲ ಅವರ ಕೈಯಲ್ಲಿ ಕರದಂಟು ಕಳಿಸಲು ನನಗೆ ಅಪ್ಪಣೆಯಾಗುತ್ತಿತ್ತು. ಮುಂಜಾನೆ ಮೊಬೈಲಿನಲ್ಲಿ ನಮ್ಮ ಪತ್ರಿಕೆ ಓದಿ, “ಪೆರು ಎಲ್ಲಿ ಹೋತೋ ತಮ್ಮಾ ಇವತ್ತ?” ಎಂದು ಕೇಳುತ್ತಿದ್ದರು. ಹುಟ್ಟುಹಬ್ಬ ಯಾರದೆಂದು ನಾನು ಹೇಳುತ್ತಿದ್ದೆ.

ಅವರು ಒಮ್ಮೆ ಮಾತ್ರ ಬಂದರು. ಹುಕ್ಕೇರಿಯಲ್ಲಿ ಮಗಳು ಕಟ್ಟಿಸಿದ ಮನೆಯ ವಾಸ್ತುಶಾಂತಿಗೆ. ಗೋಕಾಕದಿಂದ ನಾವು ಕೆಲವರು ಹೋದೆವು. ಬಾಯಾರು ಬಂದವರೇ ಸೆರಗು ಸಿಕ್ಕಿಸಿ ಅಡುಗೆಮನೆ ಹೊಕ್ಕರು. ಇವರು ಮಾತ್ರ ಪೆಂಡಾಲಿನಲ್ಲಿ ಬೀಗರ ಸಾಲಿನ ಕುರ್ಚಿ ಹಿಡಿದು ಕೂತರು. ಕೈಗಡಿಯಾರದಲ್ಲಿ ನೇಪಾಳದ ಸಮಯ. ಊಟಕ್ಕೆ ಏಳಿರಿ ಎಂದರೆ, ನಮ್ಮ ಟೈಮಿಗೆ ಆಗಲೇ ತಡವಾಗಿದೆ ಎಂದರು. ಯಾತ್ರೆಯಿಂದ ಬಂದವರೆಂದು ಮುತ್ತೈದೆಯರಿಬ್ಬರು ತಂಬಿಗೆ, ತಾಟು ತಂದು ಅವರ ಪಾದ ತೊಳೆಯಲು ಕೂತರು. ಇವರು ಕಾಲನ್ನು ಕುರ್ಚಿಯ ಅಡಿಗೆ ಎಳೆದುಕೊಂಡರು. ಪಾದ ಕೊಟ್ಟರೆ ಯಾತ್ರೆ ಮುಗಿಯಿತು ಎಂದು ಒಪ್ಪಿಕೊಂಡಂತೆ. ತಾವು ಬೀಗರಂತೆ ಬಂದು ಬೀಗರಂತೆ ಹೋಗುವವರು ಎಂದು ಅವರು ಹೇಳುತ್ತಿರುವಾಗ ಮಗಳು ಬಂದು ಎದುರು ನಿಂತಳು.

“ಅಪ್ಪಾ, ನನ್ನ ಮನ್ಯಾಗ ನೀ ಬೀಗರಂಗ ಕುಂದರಬ್ಯಾಡ. ಮಂದಿ ಮನ್ಯಾಗ ಮಕ್ಕಳು ಬಿಟ್ಟು ಹೋಗ್ತಾರ. ನಮ್ಮ ಮನ್ಯಾಗ ನೀವ ಹೋದ್ರಿ. ಕೇಳಿದವರಿಗೆ ಏನ್ ಹೇಳ್ಲಿ ನಾ?”

“ಹೋಗ್ಯಾರ ಅಂತ ಹೇಳವಾ. ನೀ ಮದವಿ ಆಗಿ ಹುಕ್ಕೇರಿಗೆ ಬಂದಾಗ ನಾ ಏನರ ಕೇಳಿದ್ನೇನು, ಯಾವಾಗ ತಿರುಗಿ ಬರ್ತಿ ಅಂತ?”

“ಕೇಳ್ತಿದ್ದಿ. ದಿನಾ ಫೋನ್ ಮಾಡಿ ಕೇಳ್ತಿದ್ದಿ.”

ಸುತ್ತಲಿದ್ದವರು ನಕ್ಕರು. ಇವರಿಗೂ ನಗು ಬಂತು, ತಡೆದುಕೊಂಡರು. ಆಮೇಲೆ ಒಂದು ಕಾಲನ್ನು ಕುರ್ಚಿಯ ಅಡಿಯಿಂದ ಹೊರಗೆ ಚಾಚಿದರು. ಅದನ್ನು ಮಗಳೇ ತೊಳೆದಳು. ಇನ್ನೊಂದನ್ನು ಅವರು ಕೊಡಲಿಲ್ಲ. ವಾಪಸ್ ಹೋಗುವಾಗ ಅವಳೇ ಘಟಪ್ರಭಾಕ್ಕೆ ಬಂದು ರೈಲು ಹತ್ತಿಸಿದಳೆಂದು ಕೇಳಿದೆ. ಆದರೆ ಹುಕ್ಕೇರಿಯಲ್ಲಿ ಕೇಳಿದವರಿಗೆ ಅವಳು ಹೇಳುತ್ತಿದ್ದದ್ದು ಹಳೆಯದನ್ನೇ: ಯಾತ್ರೆಗೆ ಹೋಗಿದ್ದಾರೆ, ಬರುತ್ತಾರೆ.

ಬಾಯಾರ ಫೋನು ಬಂದದ್ದು ಒಂದು ಮಧ್ಯಾಹ್ನ. ಧ್ವನಿ ಸಾಲಿಯಲ್ಲಿ ಹಾಜರಿ ಕೂಗುವಾಗಿನಂತೆ ಗಟ್ಟಿಯಾಗಿತ್ತು. ಹಿಂದಿನ ದಿನ ಊಟ ಮಾಡಿ, ಕಂಬಳಿ ಹೊದ್ದು ಮಲಗಿದವರು ಏಳಲಿಲ್ಲ. ಅಂತ್ಯಕ್ರಿಯೆ ಆಗಿತ್ತು. ಮಗಳು-ಅಳಿಯ ತಲುಪುವವರೆಗೆ ಇಡುವಂತಿರಲಿಲ್ಲ. ಅವರು ಎಲ್ಲವನ್ನೂ ಫೋನಿನ ತೆರೆಯಲ್ಲೇ ನೋಡಿದ್ದರು, ಮರುದಿನ ಹೊರಡುವವರಿದ್ದರು. ನಾನು ತಡೆತಡೆದು, ಎಲ್ಲಿ ಮಾಡಿದಿರಿ ಎಂದು ಕೇಳಿದೆ. ಅಲ್ಲಿ ಹೆಚ್ಚಿನವರು ಸುಡುತ್ತಾರೆ. ನಮ್ಮಂತೆ ಹೂಳುವವರಿಗೆ ಜಾಗ ಸಿಗುವುದು ಹೇಗೆ ಎಂಬ ಯೋಚನೆ ನನಗೆ.

“ಗಿರಿ ಮಂದೀನೂ ನಮ್ಮಂಗ ಕುಂದರಿಸಿ ಮಣ್ಣು ಮಾಡೂದಂತ ತಮ್ಮಾ. ತಮ್ಮ ಹಿರೇರ ಬಾಜೂಕ ಜಾಗಾ ಬಿಟ್ಟುಕೊಟ್ರು. ಒಂದು ಮೊಳಾ ಭೂಮಿ ಸಿಗೂದಿಲ್ಲ ಸಿಗೂದಿಲ್ಲ ಅಂತಿದ್ರು ನೋಡು. ಸಿಕ್ಕತು.”

ಇನ್ನು ನೀವು ಈ ಕಡೆ ಬರುತ್ತೀರಾ ಎಂದೆ. ವರ್ಗಾವಣೆಯ ಹುಕುಂ ಬಂದಿಲ್ಲ ಎಂದರು ಬಾಯಾರು. ಆಗ ಮಾತ್ರ ಧ್ವನಿ ಒಡೆಯಿತು.

ನಾನು ನಿಧನ ವಾರ್ತೆ ಬರೆಯಲು ಕೂತೆ. ಸಂಪಾದಕರು ಬಂದು ಹಿಂದೆ ನಿಂತರು. ‘ಗೋಕಾಕ: ಇಲ್ಲಿನ ನಿವಾಸಿ’ ಎಂದೇ ಹಾಕು, ಯಾತ್ರೆಯಲ್ಲಿದ್ದಾಗ ಎಂದು ಸೇರಿಸು, ಕುಟುಂಬಕ್ಕೂ ಗೌರವ ಎಂದರು. ಅದು ತಪ್ಪು ಮಾಹಿತಿ ಎಂದೆ. ನಮ್ಮ ವರದಿಗಾರ ಇಲ್ಲದ ಊರಿನ ಹೆಸರನ್ನು ವಾರ್ತೆಯ ಮೇಲೆ ಹಾಕುವಂತಿಲ್ಲ, ಅದು ನಿಯಮ ಎಂದು ಅವರು. ನಿಯಮ ನಿಜ.

“ಇಷ್ಟು ದಿನಾ ಅಲ್ಲಿ ನಮ್ಮವರು ಒಬ್ರು ಇದ್ರಲ್ರಿ” ಎಂದೆ.

ಸಂಪಾದಕರು, ಮಗಳನ್ನು ಕೇಳು, ಅವಳು ಹೇಳಿದಂತೆ ಮಾಡು ಎಂದು ಹೋದರು. ನಾನು ಹುಕ್ಕೇರಿಗೆ ಫೋನ್ ಹಚ್ಚಿದೆ. ಎರಡು ರೀತಿಯಲ್ಲಿ ಬರೆಯಬಹುದು ಎಂದು ಎರಡನ್ನೂ ಓದಿ ಹೇಳಿದೆ. ಊರಿನವರು ಏನನ್ನು ನಂಬಿದ್ದಾರೆ ಎಂಬುದು ಅವಳಿಗೂ ಗೊತ್ತು, ನನಗೂ ಗೊತ್ತು; ಯಾತ್ರೆಯಲ್ಲಿ ತೀರಿದರೆ ಪುಣ್ಯವಂತರೆಂದು ಜನ ಕೈ ಮುಗಿಯುತ್ತಾರೆ, ಯಾರೂ ಅವಳನ್ನು ಏನೂ ಕೇಳುವುದಿಲ್ಲ. ಆ ಕಡೆ ಬಟ್ಟೆ ಕಟ್ಟುತ್ತಿದ್ದ ಸದ್ದು ನಿಂತಿತು.

“ಪೋಖರಾ ಅಂತನ ಹಾಕ್ರಿ ಕಾಕಾ. ಇಲ್ಲಾಂದ್ರ ಅಪ್ಪ ತಿದ್ದಾಕ ಎದ್ದು ಬರ್ತಾನ.”

ವಾರ್ತೆಯನ್ನು ಎರಡನೇ ಪುಟದ ನಿಧನ ಕಾಲಮ್ಮಿಗೆ ಕೊಡಲಿಲ್ಲ. ಮೂರನೇ ಪುಟದಲ್ಲಿ, ವಿದೇಶದಲ್ಲಿ ಇಟ್ಟೆ. ‘ಪೋಖರಾ: ಇಲ್ಲಿನ ಕಾಯಂ ನಿವಾಸಿ, ನಮ್ಮ ಪತ್ರಿಕೆಯ ವಿದೇಶ ವಿಭಾಗದಲ್ಲಿ ಸೇವೆ ಸಲ್ಲಿಸಿದ್ದ…’ ಎಂದು ಶುರು. ಸಂಜೆ ಯಥಾಪ್ರಕಾರ ಒಂದು ಹುಟ್ಟುಹಬ್ಬದ ಜಾಹೀರಾತು ಬಂತು. ಪುಟ ಕಟ್ಟುವವ ರೂಢಿಯಂತೆ ವಿದೇಶಕ್ಕೆ ಕೈ ಹಾಕಿದ, ಓದಿದ, ಕೈ ತೆಗೆದ. ಅಧ್ಯಕ್ಷರ ಹುಟ್ಟುಹಬ್ಬ ಒಂದು ದಿನ ತಡವಾಗಿ ಆಯಿತು.

ಮರುದಿನ ಮುಂಜಾನೆ ಚಹಾದಂಗಡಿಗೆ ಹೋದೆ. ಅವನು ಮೂರನೇ ಪುಟವನ್ನು ಸಕ್ಕರೆ ಡಬ್ಬಿಯ ಮೇಲೆ ಹಾಸಿಕೊಂಡು, ಒಲೆಯ ಮೇಲಿನ ಹಾಲನ್ನು ಮರೆತು ಓದುತ್ತಿದ್ದ. ಮುಗಿಸಿ ಮತ್ತೆ ಮೊದಲಿನಿಂದ ಓದಿದ. ನನಗೆ ಚಹಾ ಕೊಡಲಿಲ್ಲ.

“ಹಂಗಾರ ಅವರು,” ಅಂದ, “ಖರೇನ ಹೋಗಿದ್ರೇನ್ರಿ?”

ಹೌದು ಎಂದೆ. ಅವನು ಗೋಡೆಯ ಗಡಿಯಾರದ ಕಡೆ ನೋಡಿದ. ಹಾಲು ಉಕ್ಕಿ ಒಲೆಗೆ ಬಿತ್ತು.